ಮಕ್ಕಳು ಕಾಲೇಜಿಗೆ ಹೊರಟಾಗ ನಮ್ಮ ಧರ್ಮವೇನು?

ಆಗಸ್ಟ್ ತಿಂಗಳು ಬಂತೆಂದರೆ ಅಮೆರಿಕದ ನಮ್ಮ ದೇವಸ್ಥಾನಗಳಲ್ಲಿ ಒಂದು ಬಗೆಯ ಅರ್ಚನೆ ಹೆಚ್ಚಾಗುತ್ತದೆ. ಹದಿನೆಂಟು ತುಂಬಿದ ಮಗನನ್ನೋ ಮಗಳನ್ನೋ ಮುಂದೆ ನಿಲ್ಲಿಸಿಕೊಂಡು ತಂದೆ ತಾಯಿ ಗೋತ್ರ, ನಕ್ಷತ್ರ ಹೇಳುತ್ತಾರೆ. ಮಂಗಳಾರತಿಯಾಗಿ, ತೀರ್ಥ ಪ್ರಸಾದ ತೆಗೆದುಕೊಂಡು ಹೊರಗೆ ಬಂದರೆ ಪಾರ್ಕಿಂಗ್ ಲಾಟಿನಲ್ಲಿ ವ್ಯಾನು ತುಂಬಿ ನಿಂತಿರುತ್ತದೆ. ಡಾರ್ಮಿನ ಉದ್ದನೆಯ ಮಂಚಕ್ಕೆಂದು ಕೊಂಡ ಟ್ವಿನ್ ಎಕ್ಸ್‌ಎಲ್ ಬೆಡ್‌ಶೀಟು, ಸಣ್ಣ ಫ್ಯಾನು, ಚಟ್ನಿಪುಡಿಯ ಡಬ್ಬ, ಬಟ್ಟೆಯಲ್ಲಿ ಸುತ್ತಿಟ್ಟ ಪುಟ್ಟ ಗಣಪತಿ. ಕೆಲವರದು ಎರಡು ಗಂಟೆಯ ದಾರಿ, ಕೆಲವರದು ಎರಡು ದಿನದ ದಾರಿ. ವಾಪಸು ಬರುವಾಗ ಮಾತ್ರ ಎಲ್ಲರ ಗಾಡಿಯಲ್ಲೂ ಒಂದು ಸೀಟು ಖಾಲಿ.

ಮಕ್ಕಳ ಕಾಲೇಜಿನ ಬಗ್ಗೆ ನಾವು ಮಾತಾಡುವುದಕ್ಕೇನೂ ಕಡಿಮೆಯಿಲ್ಲ. ಎಸ್‌ಎಟಿ ತರಬೇತಿ ಎಲ್ಲಿ ಚೆನ್ನಾಗಿದೆ, ಯಾವ ಯೂನಿವರ್ಸಿಟಿ ಎಷ್ಟು ಸ್ಕಾಲರ್‌ಶಿಪ್ ಕೊಡುತ್ತದೆ, ಪ್ರಬಂಧದಲ್ಲಿ ಏನು ಬರೆಯಬೇಕು, ಇವೆಲ್ಲ ಪಾಟ್‌ಲಕ್ ಊಟದ ಸಾಲಿನಲ್ಲಿ ನಿಂತೇ ಚರ್ಚೆಯಾಗುತ್ತವೆ. ಆದರೆ ಸೀಟು ಸಿಕ್ಕ ಮೇಲೆ ಏನು? ಹದಿನೆಂಟು ವರ್ಷ ತಂದೆ ತಾಯಿಯ ಧರ್ಮ ಸ್ಪಷ್ಟವಾಗಿತ್ತು: ಉಣಿಸುವುದು, ಓದಿಸುವುದು, ಕಾಪಾಡುವುದು. ಮಗು ಮನೆ ಬಿಟ್ಟ ದಿನದಿಂದ ಆ ಧರ್ಮ ಮುಗಿಯಿತೇ? ಮುಗಿಯದಿದ್ದರೆ ಅದು ಯಾವ ರೂಪ ತಾಳಬೇಕು? ಎಷ್ಟು ತಿಳಿದುಕೊಳ್ಳಬೇಕು, ಎಷ್ಟನ್ನು ತಿಳಿಯದೆ ಇರಬೇಕು? ಈ ಬಾರಿಯ ಕನ್ನಡ ವಿಭಾಗದಲ್ಲಿ ಈ ಪ್ರಶ್ನೆಯನ್ನು ನಿಮ್ಮ ಮುಂದಿಟ್ಟು ಸ್ವಲ್ಪ ಯೋಚಿಸೋಣವೆಂದು ಈ ಬರಹ.

ಮೊದಲು ಈ ದೇಶದ ಕಾನೂನು ಏನು ಹೇಳುತ್ತದೆ ನೋಡೋಣ. ಏಕೆಂದರೆ ಬಹಳ ಜನ ಪೋಷಕರಿಗೆ ಮೊದಲು ಆಶ್ಚರ್ಯವಾಗುವುದು ಅಲ್ಲಿಯೇ. ಫರ್ಪಾ ಎಂದು ಚಿಕ್ಕದಾಗಿ ಕರೆಯುವ 1974ರ ಫೆಡರಲ್ ಕಾಯ್ದೆಯೊಂದಿದೆ. ಹೈಸ್ಕೂಲಿನವರೆಗೆ ಮಗುವಿನ ಶಾಲಾ ದಾಖಲೆಗಳನ್ನು ನೋಡುವ ಹಕ್ಕು ತಂದೆ ತಾಯಿಯದು. ಮಗುವಿಗೆ 18 ತುಂಬಿದಾಗ, ಅಥವಾ ಯಾವ ವಯಸ್ಸಿನಲ್ಲೇ ಆಗಲಿ ಕಾಲೇಜು ಸೇರಿದಾಗ, ಆ ಹಕ್ಕು ಮಗುವಿನ ಕೈಗೆ ಹೋಗುತ್ತದೆ. ಆಮೇಲೆ ನಾವು ಪ್ರೊಫೆಸರಿಗೆ ಫೋನು ಮಾಡಿ ನಮ್ಮ ಮಗಳು ಹೇಗೆ ಓದುತ್ತಿದ್ದಾಳೆ ಎಂದು ಕೇಳಿದರೆ, ಅವಳ ಒಪ್ಪಿಗೆಯಿಲ್ಲದೆ ಉತ್ತರ ಕೊಡಲು ಸಾಧ್ಯವಿಲ್ಲವೆಂದು ಅವರು ವಿನಯದಿಂದಲೇ ಹೇಳುತ್ತಾರೆ. ವೈದ್ಯಕೀಯ ವಿಷಯದಲ್ಲೂ ಹೀಗೆಯೇ. 18 ತುಂಬಿದವರ ಆರೋಗ್ಯದ ವಿವರಗಳು ಅವರ ಸ್ವಂತದ್ದು. 2010ರ ಆರೋಗ್ಯ ಕಾಯ್ದೆಯ ಪ್ರಕಾರ 26 ವರ್ಷದವರೆಗೆ ಅವರು ನಮ್ಮ ಇನ್ಶೂರೆನ್ಸಿನಲ್ಲೇ ಇರಬಹುದು, ಆದರೆ ಡಾಕ್ಟರು ಏನು ಹೇಳಿದರೆಂದು ತಿಳಿಯಬೇಕಾದರೆ ಅವರೇ ಹೇಳಬೇಕು.

ಇದಕ್ಕೆ ವಿನಾಯಿತಿಗಳೂ ಇವೆ. ತೆರಿಗೆ ಲೆಕ್ಕದಲ್ಲಿ ಮಗು ನಮ್ಮ ಅವಲಂಬಿತನಾಗಿದ್ದರೆ ಕಾಲೇಜು ನಮಗೆ ಮಾಹಿತಿ ಕೊಡಬಹುದು, ಕೊಡಲೇಬೇಕೆಂದಿಲ್ಲ. ಮಗುವಿನ ಜೀವಕ್ಕೋ ಆರೋಗ್ಯಕ್ಕೋ ತುರ್ತು ಅಪಾಯವಿದ್ದರೆ ತಿಳಿಸಬಹುದು. 21ರ ಒಳಗಿನವರು ಮದ್ಯ ಅಥವಾ ಮಾದಕ ವಸ್ತುವಿನ ನಿಯಮ ಮುರಿದರೂ ತಿಳಿಸಬಹುದು. ಇನ್ನು ಮಗುವೇ ಸಹಿ ಮಾಡಿ ಅನುಮತಿ ಕೊಟ್ಟರೆ ಯಾವ ತೊಡಕೂ ಇಲ್ಲ.

"ಫೀಸು ನಾವು ಕಟ್ಟಬೇಕು, ಗ್ರೇಡು ಮಾತ್ರ ನಮಗೆ ಗುಟ್ಟೇ?" ಎಂದು ನಮ್ಮಲ್ಲಿ ಅನೇಕರು ಕೇಳುತ್ತಾರೆ. ಇದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಮನೆಯ ಉಳಿತಾಯವೆಲ್ಲ ಅಲ್ಲಿಗೆ ಹೋಗುತ್ತಿರುತ್ತದೆ. ಕೆಲವರು ಮನೆಯ ಮೇಲೆ ಸಾಲವನ್ನೂ ತೆಗೆದಿರುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಮಕ್ಕಳನ್ನು ಓದಿಸುವುದನ್ನು ಯಾರೂ ವ್ಯಾಪಾರವೆಂದು ತಿಳಿದಿಲ್ಲ. ಅದು ತಂದೆ ತಾಯಿಯ ಕರ್ತವ್ಯವೆಂದೇ ತಿಳಿದವರು ನಾವು. ಹಣ ಕೊಟ್ಟದ್ದರಿಂದ ತಿಳಿಯುವ ಹಕ್ಕು ಬಂತು ಎಂದುಬಿಟ್ಟರೆ ಅದನ್ನು ನಾವೇ ವ್ಯಾಪಾರ ಮಾಡಿದಂತಾಯಿತು. ಇನ್ನೊಂದು ಕಡೆಯಿಂದಲೂ ನೋಡಬೇಕು. ಮನೆಯವರ ಬೆವರಿನ ದುಡ್ಡಿನಲ್ಲಿ ಓದುವ ಮಗುವಿಗೆ ಸತ್ಯ ಹೇಳುವ ಕರ್ತವ್ಯ ಖಂಡಿತ ಇದೆ. ಆದರೆ ಅದು ಮಗುವಿನ ಧರ್ಮ. ನಾವು ಕಿತ್ತುಕೊಳ್ಳುವ ವಸ್ತುವಲ್ಲ. ಪಾಸ್‌ವರ್ಡ್ ಇಸಿದುಕೊಂಡು ದಿನಾ ಪೋರ್ಟಲ್ ತೆರೆದು ನೋಡಿದರೆ ಅಂಕಗಳು ಗೊತ್ತಾಗುತ್ತವೆ. ಆ ಅಂಕದ ಹಿಂದೆ ಮಗುವಿಗೆ ಏನಾಗುತ್ತಿದೆ ಎಂಬುದು ಅದು ಬಾಯಿಬಿಟ್ಟು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಮಗನನ್ನು ಕಳಿಸಲು ಒದ್ದಾಡಿದ ತಂದೆಯ ಕಥೆ ನಮಗೆ ಹೊಸದಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರರು ಯಜ್ಞದ ರಕ್ಷಣೆಗೆ ರಾಮನನ್ನು ಕಳಿಸಿಕೊಡೆಂದು ಕೇಳುತ್ತಾರೆ. ಬೇಡಿದ್ದನ್ನು ನೆರವೇರಿಸುತ್ತೇನೆಂದು ಆಗತಾನೇ ಮಾತು ಕೊಟ್ಟಿದ್ದ ದಶರಥ ಈ ಕೋರಿಕೆ ಕೇಳಿ ಮೂರ್ಛೆ ಹೋಗುತ್ತಾನೆ. ಎಚ್ಚರವಾದ ಮೇಲೆ ಒಂದೊಂದೇ ಕಾರಣ ಹೇಳುತ್ತಾನೆ: ರಾಮನಿಗೆ ಇನ್ನೂ ಹದಿನಾರು ತುಂಬಿಲ್ಲ, ಅವನಿಗೆ ಯುದ್ಧ ಗೊತ್ತಿಲ್ಲ, ರಾಕ್ಷಸರ ಮೋಸ ಗೊತ್ತಿಲ್ಲ, ಬಹುಕಾಲ ಕಾದು ಪಡೆದ ಮಗ, ಅವನಿಲ್ಲದೆ ನಾನು ಬದುಕಲಾರೆ. ಕೊನೆಗೆ, ಅವನ ಬದಲು ನಾನೇ ಸೈನ್ಯ ಕಟ್ಟಿಕೊಂಡು ಬರುತ್ತೇನೆ, ಅವನನ್ನೇ ಕರೆದೊಯ್ಯುವುದಾದರೆ ನನ್ನನ್ನೂ ಸೈನ್ಯವನ್ನೂ ಜೊತೆಗೆ ಕರೆದುಕೊಂಡು ಹೋಗಿ ಎನ್ನುತ್ತಾನೆ.

ಹರಿಕಥೆಯಲ್ಲಿ ಕೇಳುವಾಗ ಈ ಜಾಗದಲ್ಲಿ ಕಣ್ಣು ಒದ್ದೆಯಾಗುತ್ತದೆ. ಆದರೆ ಇಂದು ನಾವು ಮಾಡುವುದೂ ಅದನ್ನೇ ಅಲ್ಲವೇ? ಮಗನ ಪರವಾಗಿ ಅಡ್ವೈಸರಿಗೆ ಇಮೇಲ್ ಬರೆಯುವುದು, ರೂಮ್‌ಮೇಟ್ ಜೊತೆ ಜಗಳವಾದರೆ ಹೌಸಿಂಗ್ ಆಫೀಸಿಗೆ ನಾವೇ ಫೋನು ಮಾಡುವುದು, ಬೆಳಿಗ್ಗೆ ಎಂಟರ ಕ್ಲಾಸಿಗೆ ಇಲ್ಲಿಂದಲೇ ಎಬ್ಬಿಸುವುದು. ಇವೆಲ್ಲ ಸೈನ್ಯ ಕಟ್ಟಿಕೊಂಡು ಬರುತ್ತೇನೆ ಎನ್ನುವ ಮಾತಿನ ಇವತ್ತಿನ ರೂಪಗಳು. ಆಗ ದಶರಥನಿಗೆ ಬುದ್ಧಿ ಹೇಳಿದವರು ವಸಿಷ್ಠರು. ಕೊಟ್ಟ ಮಾತನ್ನು ಉಳಿಸಿಕೋ ಎಂದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು: ಆ ರಾಕ್ಷಸರನ್ನು ನಿಗ್ರಹಿಸಲು ವಿಶ್ವಾಮಿತ್ರರಿಗೆ ತಾವೊಬ್ಬರೇ ಸಾಕು, ಅವರು ಬಂದು ಕೇಳುತ್ತಿರುವುದು ನಿನ್ನ ಮಗನ ಹಿತಕ್ಕಾಗಿ. ದಶರಥ ಮಗನ ನೆತ್ತಿಯನ್ನು ಆಘ್ರಾಣಿಸಿ ಸಂತೋಷದಿಂದ ಕಳಿಸಿಕೊಟ್ಟ. ಬಲಾ ಅತಿಬಲಾ ವಿದ್ಯೆಗಳು, ದಿವ್ಯಾಸ್ತ್ರಗಳು, ಕೊನೆಗೆ ಮಿಥಿಲೆ, ಎಲ್ಲವೂ ರಾಮನಿಗೆ ಒದಗಿದ್ದು ಆ ಪ್ರಯಾಣದಲ್ಲಿ. ಜೊತೆಗೆ ಹೋದವನು ಲಕ್ಷ್ಮಣನೊಬ್ಬ. ಸೈನ್ಯ ಅಯೋಧ್ಯೆಯಲ್ಲೇ ಉಳಿಯಿತು.

ನಮ್ಮಲ್ಲಿ ಬಹಳ ಜನ ಊರು ಬಿಟ್ಟು ಓದಿದವರೇ. ಮಲೆನಾಡಿನ ಹಳ್ಳಿಯಿಂದ ಮೈಸೂರಿಗೆ, ಬಿಜಾಪುರದ ಕಡೆಯಿಂದ ಧಾರವಾಡಕ್ಕೆ, ಕರಾವಳಿಯಿಂದ ಬೆಂಗಳೂರಿಗೆ ಟ್ರಂಕು ಹೊತ್ತು ಹೋದವರು. ನಮ್ಮ ಹಿಂದಿನ ತಲೆಮಾರಿನವರಂತೂ ವಾರಾನ್ನ ಮಾಡಿಕೊಂಡು, ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದರು. ಮಠಗಳ ಉಚಿತ ಹಾಸ್ಟೆಲುಗಳಲ್ಲಿ ಇದ್ದು ಓದಿ ದೊಡ್ಡವರಾದವರು ಎಷ್ಟೋ ಮಂದಿ. ಆಗ ಮನೆಯ ಸುದ್ದಿ ಎಂದರೆ ತಿಂಗಳಿಗೊಂದು ನೀಲಿ ಇನ್‌ಲ್ಯಾಂಡ್ ಪತ್ರ ಮತ್ತು ಮನಿಆರ್ಡರಿನ ಕೆಳಗೆ ಬರೆದ ಎರಡು ಸಾಲು. ನಾವು ಮೊದಲ ಕಿರುಪರೀಕ್ಷೆಯಲ್ಲಿ ನಪಾಸಾದದ್ದು, ಮೆಸ್ಸಿನ ಊಟ ಸೇರದೆ ಅತ್ತದ್ದು, ಸೆಕೆಂಡ್ ಶೋ ಸಿನಿಮಾಕ್ಕೆ ಹೋದದ್ದು ನಮ್ಮ ಅಪ್ಪ ಅಮ್ಮನಿಗೆ ಇಂದಿಗೂ ಗೊತ್ತಿಲ್ಲ. ಅವರು ನಮ್ಮನ್ನು ನಂಬಿದರು ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ನಿಜವೇ. ಆದರೆ ನಂಬದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ.

ನಮಗೆ ದಾರಿ ಇದೆ. ಕೈಯಲ್ಲಿ ಫೋನಿದೆ. ಮಗು ಈಗ ಲೈಬ್ರರಿಯಲ್ಲಿದೆಯೋ, ರಾತ್ರಿ ಎರಡಕ್ಕೆ ಯಾವ ಬೀದಿಯಲ್ಲಿದೆಯೋ ನಕ್ಷೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ. ಹಿಂದಿನವರಿಗೆ ದೂರ ತಾನಾಗಿಯೇ ಒದಗಿತ್ತು. ಇಂದು ಅದನ್ನು ನಾವೇ ಆರಿಸಿಕೊಳ್ಳಬೇಕು. ನೋಡುವ ಶಕ್ತಿಯಿದ್ದೂ ನೋಡದೆ ಇರುವುದು ಒಂದು ಸಂಯಮ. ಏಕಾದಶಿಯ ಉಪವಾಸಕ್ಕೆ ಬೆಲೆ ಬರುವುದು ಮನೆಯಲ್ಲಿ ಅಕ್ಕಿ ಇದ್ದಾಗಲೇ ಅಲ್ಲವೇ? ತಂದೆ ತಾಯಿಯ ಈ ಸಂಯಮವೂ ಹಾಗೆಯೇ.

"ಹಾಗಾದರೆ ಮಗು ತಪ್ಪು ದಾರಿ ಹಿಡಿದರೆ?" ಎಂದು ಕೇಳಬಹುದು. ಈ ಭಯ ಸುಳ್ಳಲ್ಲ. ಆದರೆ ಹೆಚ್ಚು ಕಾವಲು ಇದ್ದಲ್ಲಿ ಹೆಚ್ಚು ಸತ್ಯ ಸಿಗುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಬೇಕು. ಹತ್ತಿರದಿಂದ ಬಲ್ಲ ಒಂದು ಮನೆಯ ವಿಷಯ ಹೇಳುತ್ತೇನೆ. ಹೆಸರೂ ಬೇಡ, ಊರೂ ಬೇಡ. ಹೈಸ್ಕೂಲಿನಲ್ಲಿ ಎಲ್ಲದರಲ್ಲೂ ಮುಂದಿದ್ದ ಹುಡುಗ. ಕಾಲೇಜಿನ ಮೊದಲ ಕೆಮಿಸ್ಟ್ರಿ ಮಿಡ್‌ಟರ್ಮಿನಲ್ಲಿ ನೂರಕ್ಕೆ ನಲವತ್ತೊಂದು ಬಂತು. ಅಂದು ರಾತ್ರಿ ತಾಯಿ ಎಂದಿನಂತೆ ಫೋನು ಮಾಡಿದರು. ಊಟ ಆಯಿತಾ? ಆಯಿತು. ಓದು? ಚೆನ್ನಾಗಿದೆ. ಪ್ರತಿದಿನ ಫೋನು, ಪ್ರತಿದಿನ ಅದೇ ಉತ್ತರ. ಎರಡನೆಯ ಸೆಮೆಸ್ಟರಿನ ನಡುವೆ ಅವನು ಕ್ಲಾಸಿಗೆ ಹೋಗುವುದನ್ನೇ ನಿಲ್ಲಿಸಿದ್ದ. ಮನೆಯವರಿಗೆ ಗೊತ್ತಾದದ್ದು ಮೇ ತಿಂಗಳಲ್ಲಿ, ಅದೂ ಅವನು ಚಿಕ್ಕಮ್ಮನ ಹತ್ತಿರ ಹೇಳಿಕೊಂಡು ಅತ್ತ ಮೇಲೆ.

ತಂದೆ ತಾಯಿ ಜೋರು ಮಾಡುವವರಲ್ಲ. "ನಮಗೇಕೆ ಹೇಳಲಿಲ್ಲ, ನಾವೇನು ಬೈಯುತ್ತಿದ್ದೆವೇ?" ಎಂದು ತಾಯಿ ಕೇಳಿದರಂತೆ. ಅದಕ್ಕೆ ಹುಡುಗ ಹೇಳಿದ್ದು: "ಬೈಯಲ್ಲ ಅಂತ ಗೊತ್ತಿತ್ತಮ್ಮ. ನೀನು ಪರವಾಗಿಲ್ಲ ಅಂತಿದ್ದೆ. ಅಪ್ಪ ಏನೂ ಮಾತಾಡದೆ ಗರಾಜಿಗೆ ಹೋಗಿ ಒಬ್ಬರೇ ಕೂತುಬಿಡ್ತಿದ್ರು. ಅದನ್ನ ನೆನೆಸಿಕೊಂಡರೇ ಬಾಯಿ ಬರ್ತಿರಲಿಲ್ಲ." ಅವನು ಒಂದು ವರ್ಷ ಮನೆಯ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಓದಿ, ಮತ್ತೆ ಯೂನಿವರ್ಸಿಟಿ ಸೇರಿ, ಈಗ ಚೆನ್ನಾಗಿದ್ದಾನೆ. ಆದರೆ ಅವನ ಮಾತನ್ನು ನಾವೆಲ್ಲರೂ ನೆನಪಿಟ್ಟುಕೊಳ್ಳಬೇಕು. ನಮ್ಮ ಮಕ್ಕಳಲ್ಲಿ ಅನೇಕರು ನಮ್ಮ ಕೋಪಕ್ಕೆ ಹೆದರುವುದಿಲ್ಲ, ನಮ್ಮ ದುಃಖಕ್ಕೆ ಹೆದರುತ್ತಾರೆ. ಆ ಹೆದರಿಕೆಯಲ್ಲೇ ಒಂಟಿಯಾಗುತ್ತಾರೆ.

ಈ ಹೆದರಿಕೆ ಎಲ್ಲಿಂದ ಬಂತು? ನಾವು ಹೇಳಿದ ಕಥೆಗಳಿಂದಲೂ ಬಂದಿರಬಹುದು. ಎರಡು ಸೂಟ್‌ಕೇಸು, ಜೇಬಿನಲ್ಲಿ ಬೆರಳೆಣಿಕೆಯ ಡಾಲರು, ಚಳಿಯಲ್ಲಿ ಬಸ್ಸಿಗೆ ಕಾದದ್ದು, ವೀಸಾಕ್ಕಾಗಿ ಅಪ್ಪನ ಕೊನೆಗಾಲಕ್ಕೂ ಊರಿಗೆ ಹೋಗಲಾಗದೆ ಇದ್ದದ್ದು. ಇವು ನಿಜವಾದ ಕಷ್ಟಗಳು. ಹೆಮ್ಮೆಯಿಂದ ಹೇಳಿದರೆ ತಪ್ಪೇನಿಲ್ಲ. ಆದರೆ ಪ್ರತಿ ಕಥೆಯ ಕೊನೆಗೂ "ಇದೆಲ್ಲ ಮಾಡಿದ್ದು ನಿನಗೋಸ್ಕರ" ಎಂದು ಸೇರಿಸಿದರೆ ಮಗುವಿಗೆ ಅದು ಸಾಲದ ಪತ್ರದಂತೆ ಕೇಳುತ್ತದೆ. ನಮ್ಮ ಸಂಪ್ರದಾಯ ಪಿತೃಋಣದ ಮಾತು ಹೇಳುತ್ತದೆ, ನಿಜ. ಆದರೆ ಆ ಋಣ ತೀರುವುದು ಸಂತಾನವನ್ನು ಪಡೆದು, ಅದನ್ನು ಚೆನ್ನಾಗಿ ಬೆಳೆಸುವುದರಿಂದ ಎಂದು ಹಿರಿಯರು ಹೇಳುತ್ತಾರೆ. ನಮ್ಮ ತಂದೆ ತಾಯಿಯ ಋಣವನ್ನು ನಾವು ಮಕ್ಕಳಿಗೆ ತೀರಿಸುತ್ತಿದ್ದೇವೆ, ಅವರು ಅವರ ಮಕ್ಕಳಿಗೆ ತೀರಿಸುತ್ತಾರೆ. ಹೊರಡುವ ಮುಂಚೆ ಮಗುವಿಗೆ ಇಷ್ಟನ್ನು ಬಾಯಿಬಿಟ್ಟು ಹೇಳಬೇಕು: "ನೀನು ನಮಗೇನೂ ಬಾಕಿ ಇಲ್ಲ. ಒಂದು ಪೇಪರ್ ಹೋದರೆ ನಮ್ಮ ಬದುಕು ವ್ಯರ್ಥವಾಗುವುದಿಲ್ಲ. ಸೋತ ಸುದ್ದಿ ತಂದರೂ ಈ ಮನೆಯ ಬಾಗಿಲು ತೆರೆದೇ ಇರುತ್ತದೆ." ಮನಸ್ಸಿನಲ್ಲಿದ್ದರೆ ಸಾಲದು, ಹೇಳಬೇಕು. ನಮ್ಮ ಮನೆಗಳಲ್ಲಿ ಪ್ರೀತಿಯನ್ನು ಊಟದಲ್ಲಿ ಬಡಿಸುತ್ತೇವೆ, ಮಾತಿನಲ್ಲಿ ಹೇಳುವುದು ಕಡಿಮೆ.

ಹಾಗಿದ್ದರೆ ಈ ಹೊತ್ತಿನಲ್ಲಿ ತಂದೆ ತಾಯಿಯ ಪಾತ್ರ ಯಾವುದು? ಇದಕ್ಕೆ ಉಪನಯನದ ಎರಡು ಸಣ್ಣ ಸಂಗತಿಗಳಲ್ಲಿ ಉತ್ತರವಿದೆ ಎನ್ನಿಸುತ್ತದೆ. ಉಪನಯನ ಎಲ್ಲರ ಮನೆಯಲ್ಲೂ ಇಲ್ಲ, ನಮ್ಮ ಹೆಣ್ಣುಮಕ್ಕಳಿಗೂ ಈಗ ಸಾಮಾನ್ಯವಾಗಿ ಇಲ್ಲ. ಆದರೂ ಅದರ ಅರ್ಥ ಎಲ್ಲರಿಗೂ ಸಲ್ಲುವಂಥದ್ದು. ಉಪನಯನವೆಂದರೆ ಮಗುವನ್ನು ಗುರುವಿನ ಬಳಿಗೆ ಕರೆದೊಯ್ಯುವುದು; ಎಂದರೆ ಮನೆಯಿಂದ ಕಳಿಸುವುದು. ಅಂದು ಬೆಳಿಗ್ಗೆ ಮಾತೃಭೋಜನ. ತಾಯಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಎಲೆಯಲ್ಲಿ ಉಣಿಸುತ್ತಾಳೆ. ಬ್ರಹ್ಮೋಪದೇಶವಾದ ಮೇಲೆ ಮಾತೃಭಿಕ್ಷೆ. ಬೆಳಿಗ್ಗೆ ಯಾರ ಕೈತುತ್ತು ತಿಂದನೋ ಅದೇ ತಾಯಿಯ ಮುಂದೆ ವಟು ಜೋಳಿಗೆ ಹಿಡಿದು ನಿಂತು ಕೇಳುತ್ತಾನೆ. ತಾಯಿ ಅಕ್ಕಿ ಹಾಕುತ್ತಾಳೆ. ಒಂದೇ ದಿನದಲ್ಲಿ, ಒಂದೇ ಮಂಟಪದಲ್ಲಿ ಸಂಬಂಧದ ರೀತಿ ಬದಲಾಗುತ್ತದೆ. ತಾಯಿಯ ಕೈ ಕೊಡುವುದನ್ನು ನಿಲ್ಲಿಸಿಲ್ಲ, ಆದರೆ ಈಗ ಅವನು ಕೇಳಿದ ಮೇಲೆ ಕೊಡುತ್ತದೆ. ಕೇಳುವುದನ್ನು ಅವನು ಕಲಿಯಬೇಕು, ಕೇಳುವ ತನಕ ಕಾಯುವುದನ್ನು ಅವಳು ಕಲಿಯಬೇಕು. ಕಾಲೇಜಿಗೆ ಕಳಿಸುವ ತಂದೆ ತಾಯಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ತುಂಬಿದ ಪಾತ್ರೆ ಹಿಡಿದು ಬಾಗಿಲಲ್ಲೇ ಇರೋಣ, ಆದರೆ ತುತ್ತು ಹಿಡಿದು ಬೆನ್ನಟ್ಟುವುದು ಬೇಡ.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಬಿಟ್ಟುಬಿಡುವುದು ಬೇರೆ, ಬಿಟ್ಟುಕೊಡುವುದು ಬೇರೆ. ಮಗುವಿಗೆ ಅದರ ಜವಾಬ್ದಾರಿಯನ್ನು ಬಿಟ್ಟುಕೊಡುವ ಮುನ್ನ ಅದನ್ನು ಹೊರಲು ಬೇಕಾದ್ದನ್ನು ಕಲಿಸಿರಬೇಕು. ಜೂನ್, ಜುಲೈ ತಿಂಗಳುಗಳು ಇದಕ್ಕೆ ಸಾಕಷ್ಟು ಸಮಯ.

ಮನೆಯ ಕೆಲಸದಿಂದಲೇ ಆರಂಭಿಸಬಹುದು. ಬಟ್ಟೆ ಒಗೆಯುವುದು, ಅನ್ನ, ತಿಳಿಸಾರು, ಮೊಸರು ಹೆಪ್ಪು ಹಾಕುವುದು ಗಂಡುಮಕ್ಕಳಿಗೂ ಬರಬೇಕು. ಅನೇಕ ಡಾರ್ಮುಗಳಲ್ಲಿ ಅಡಿಗೆಯ ವಿದ್ಯುತ್ ಉಪಕರಣಗಳಿಗೆ ನಿರ್ಬಂಧವಿದೆ. ರೈಸ್ ಕುಕ್ಕರ್ ಕಟ್ಟುವ ಮುನ್ನ ನಿಯಮ ನೋಡಿಕೊಳ್ಳಿ. ಸಸ್ಯಾಹಾರಿಗಳಾದರೆ ಮೀಲ್ ಪ್ಲಾನಿನಲ್ಲಿ ಏನು ಸಿಗುತ್ತದೆಂದು ಮಗುವೇ ಕೇಳಿ ತಿಳಿಯಲಿ. ಇನ್ಶೂರೆನ್ಸ್ ಕಾರ್ಡು ಎಲ್ಲಿದೆ, ಔಷಧಿ ಹೇಗೆ ತರಿಸಬೇಕು, ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಕೂತು ತೋರಿಸಿ. 18 ತುಂಬಿದ ಮೇಲೆ ವೈದ್ಯಕೀಯ ತುರ್ತಿನಲ್ಲಿ ಮಗುವಿನ ಪರವಾಗಿ ನಾವು ಮಾತಾಡಬೇಕಾದರೆ ಅದಕ್ಕೆ ಮಗುವೇ ಸಹಿ ಮಾಡಿದ ಹೆಲ್ತ್ ಕೇರ್ ಪ್ರಾಕ್ಸಿಯಂಥ ಪತ್ರ ಇದ್ದರೆ ಅನುಕೂಲ. ಅದನ್ನು ಆಜ್ಞೆಯಾಗಿ ಮುಂದಿಡದೆ, ಏಕೆ ಬೇಕೆಂದು ವಿವರಿಸಿ ಕೇಳಿ.

ಓದಿನ ವಿಷಯದಲ್ಲಿ ಮಕ್ಕಳು ಎಡವುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಲೆಕ್ಕ ತಪ್ಪಿ. ಹೈಸ್ಕೂಲಿನಲ್ಲಿ ಇಡೀ ದಿನ ಕ್ಲಾಸು ಇರುತ್ತದೆ. ಕಾಲೇಜಿನಲ್ಲಿ 15 ಕ್ರೆಡಿಟ್ ತೆಗೆದುಕೊಂಡರೆ ವಾರಕ್ಕೆ ಸುಮಾರು 15 ಗಂಟೆ ಮಾತ್ರ ಕ್ಲಾಸು. ಮಿಕ್ಕದ್ದೆಲ್ಲ ಬಿಡುವು ಎಂದು ಕಾಣುತ್ತದೆ. ಆದರೆ ಒಂದು ಗಂಟೆಯ ಕ್ಲಾಸಿಗೆ ಹೊರಗೆ ಕನಿಷ್ಠ ಎರಡು ಗಂಟೆ ಓದು ಎಂಬುದು ಕ್ರೆಡಿಟ್ ಲೆಕ್ಕದ ಮೂಲ. ಹಾಗಾಗಿ ವಾರಕ್ಕೆ 45 ಗಂಟೆಯ ಕೆಲಸವಾಯಿತು. ಇದನ್ನು ಮೊದಲೇ ಕಾಗದದ ಮೇಲೆ ಬರೆದು ತೋರಿಸಿದರೆ ಎಷ್ಟೋ ಉಪಕಾರ. ಪ್ರೊಫೆಸರ್‌ಗಳು ಆಫೀಸ್ ಅವರ್ಸ್ ಇಡುವುದು ದಡ್ಡರಿಗಾಗಿ ಅಲ್ಲ, ಎಲ್ಲರಿಗಾಗಿ. ಗುರುವಿನ ಬಾಗಿಲು ತಟ್ಟುವುದಕ್ಕೆ ಸಂಕೋಚ ಬೇಡ ಎಂದು ಹೇಳಿ. ಒಂದು ಕೋರ್ಸು ಕೈಮೀರಿದರೆ ಅದನ್ನು ವಿತ್‌ಡ್ರಾ ಮಾಡಲು ಕೊನೆಯ ದಿನಾಂಕವೊಂದು ಇರುತ್ತದೆ. ಅದು ಕಾಲೇಜಿನ ಕ್ಯಾಲೆಂಡರಿನಲ್ಲಿ ಎಲ್ಲಿದೆ ಎಂಬುದು ಮಗುವಿಗೆ ಗೊತ್ತಿರಲಿ. ಗ್ರೇಡುಗಳ ಬಗ್ಗೆ ಒಂದು ನ್ಯಾಯವಾದ ಒಪ್ಪಂದ ಹೊರಡುವ ಮುಂಚೆಯೇ ಆಗಬಹುದು: ಪ್ರತಿ ಸೆಮೆಸ್ಟರಿನ ಕೊನೆಗೆ ಮಗುವೇ ತೋರಿಸುವುದು, ನಡುವೆ ನಾವು ಇಣುಕದೆ ಇರುವುದು. ಕೋರ್ಸು ಮತ್ತೆ ಮಾಡಬೇಕಾದರೆ ಖರ್ಚು ಇಬ್ಬರದೂ ಆದ್ದರಿಂದ ಈ ಮಾತು ಮುಚ್ಚಿಡುವಂಥದ್ದಲ್ಲ.

ಮದ್ಯದ ವಿಷಯವನ್ನು ನಮ್ಮಲ್ಲಿ ಬಹಳ ಮನೆಗಳಲ್ಲಿ ಎತ್ತುವುದೇ ಇಲ್ಲ. ಎತ್ತಬೇಕು. 1984ರ ಫೆಡರಲ್ ಕಾಯ್ದೆ ಬಂದಂದಿನಿಂದ ರಾಜ್ಯಗಳೆಲ್ಲ ಕುಡಿಯುವ ವಯಸ್ಸನ್ನು 21ಕ್ಕೆ ನಿಲ್ಲಿಸಿವೆ. ಆದರೂ ಡಾರ್ಮಿನಲ್ಲಿ ಅದು ಕಾಣದೆ ಇರುವುದಿಲ್ಲ. ನಮ್ಮ ಮನೆಯ ನಿಲುವು ಏನು, ಏಕೆ ಎಂದು ಹೇಳಿ. ಜೊತೆಗೆ ಇದನ್ನೂ ಹೇಳಿ: ನಿನಗಾಗಲಿ ಸ್ನೇಹಿತರಿಗಾಗಲಿ ಪ್ರಾಣಕ್ಕೆ ಅಪಾಯವೆನ್ನಿಸಿದರೆ ಮೊದಲು 911ಕ್ಕೆ ಫೋನು ಮಾಡು, ಆಮೇಲೆ ನಮಗೆ ಮಾಡು. ಬುದ್ಧಿವಾದವೆಲ್ಲ ಮರುದಿನಕ್ಕೆ ಇರಲಿ. ಮನಸ್ಸಿನ ಕಾಯಿಲೆಯ ಬಗ್ಗೆಯೂ ಹೀಗೆಯೇ ಬಿಚ್ಚಿ ಮಾತಾಡಬೇಕು. ಜ್ವರ ಬಂದರೆ ಡಾಕ್ಟರ ಬಳಿ ಹೋಗುವಂತೆ ಮನಸ್ಸು ಕುಗ್ಗಿದರೆ ಕ್ಯಾಂಪಸ್ಸಿನ ಕೌನ್ಸೆಲಿಂಗ್ ಸೆಂಟರಿಗೆ ಹೋಗಬೇಕು. ಅದರಿಂದ ಮನೆತನಕ್ಕೆ ಕಳಂಕವಿಲ್ಲ. 2022ರ ಜುಲೈನಿಂದ 988 ಎಂಬ ಮೂರೇ ಅಂಕಿಯ ಸಹಾಯವಾಣಿ ಇಡೀ ದೇಶದಲ್ಲಿದೆ. ಹಗಲು ರಾತ್ರಿ ಫೋನು ಮಾಡಬಹುದು, ಟೆಕ್ಸ್ಟ್ ಕಳಿಸಬಹುದು. ಅದನ್ನು ಮಗುವಿನ ಫೋನಿನಲ್ಲೂ ನಮ್ಮ ಫೋನಿನಲ್ಲೂ ಬರೆದಿಡೋಣ. ಮಗು ಊಟ, ನಿದ್ದೆ, ಸ್ನೇಹಿತರನ್ನು ಬಿಟ್ಟಂತೆ ಕಂಡರೆ, ಮಾತಿನಲ್ಲಿ ಬದುಕೇ ಬೇಡವೆಂಬ ಛಾಯೆ ಬಂದರೆ, ಆಗ ಕಾಯುವ ಧರ್ಮವಿಲ್ಲ. ಆ ಕ್ಷಣವೇ ಹೊರಟು ಹೋಗಬೇಕು. ಮಗು ಮುಳುಗುವಾಗ, ಕೇಳಲಿ ಎಂದು ಯಾವ ತಾಯಿಯೂ ದಡದಲ್ಲಿ ನಿಲ್ಲಬಾರದು.

ಕಳಿಸುವಾಗ ಏನು ಹೇಳಿ ಕಳಿಸಬೇಕೆಂಬುದಕ್ಕೆ ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಒಂದು ಮಾದರಿಯಿದೆ. ವಿದ್ಯೆ ಮುಗಿಸಿ ಹೊರಟ ಶಿಷ್ಯನಿಗೆ ಆಚಾರ್ಯರು ಹೇಳುವ ಮಾತುಗಳು ಅವು. ತಾಯಿ, ತಂದೆ, ಗುರು, ಅತಿಥಿಗಳನ್ನು ದೇವರೆಂದು ಕಾಣಬೇಕೆಂಬ ಭಾಗ ನಮ್ಮ ಬಾಲವಿಹಾರದ ಮಕ್ಕಳಿಗೂ ಬಾಯಿಪಾಠ. ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ, ಆಚಾರ್ಯರು ನಿಲ್ಲಿಸುವುದಿಲ್ಲ. ನಮ್ಮ ನಡತೆಯಲ್ಲಿ ಒಳ್ಳೆಯದೇನಿದೆಯೋ ಅದನ್ನು ಮಾತ್ರ ಅನುಸರಿಸಬೇಕು, ಮಿಕ್ಕದ್ದನ್ನಲ್ಲ ಎಂದು ಅವರು ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಾರೆ. ಕರ್ತವ್ಯದಲ್ಲಿ ಸಂದೇಹ ಬಂದರೆ ನನಗೆ ಹೇಳಿ ಕಳಿಸು ಎಂದೂ ಅವರು ಹೇಳುವುದಿಲ್ಲ. ನೀನು ಇರುವ ಜಾಗದಲ್ಲಿ ವಿವೇಕಿಗಳೂ ಮೃದು ಸ್ವಭಾವದವರೂ ಧರ್ಮದಲ್ಲಿ ಆಸಕ್ತರೂ ಆದವರು ಹೇಗೆ ನಡೆಯುತ್ತಾರೋ ನೋಡಿ ಹಾಗೆ ನಡೆ ಎನ್ನುತ್ತಾರೆ. ಎಂಥ ನಂಬಿಕೆ! ಒಳ್ಳೆಯವರು ನನ್ನ ಆಶ್ರಮದಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ಇದ್ದಾರೆ, ನನ್ನ ಶಿಷ್ಯ ಅವರನ್ನು ಗುರುತಿಸಬಲ್ಲ ಎಂಬ ನಂಬಿಕೆ. ನಾವು ಈ ಮಾತನ್ನು ನಮ್ಮದೇ ಕನ್ನಡದಲ್ಲಿ ಹೇಳಿ ಕಳಿಸಿದರೆ ಸಾಕು. ನಮ್ಮಲ್ಲಿರುವ ಒಳ್ಳೆಯದನ್ನು ಇಟ್ಟುಕೋ, ಜಾತಿ, ಬಣ್ಣ, ಅಂತಸ್ತು ನೋಡುವ ನಮ್ಮ ಸಣ್ಣತನಗಳನ್ನು ಇಲ್ಲೇ ಬಿಡು, ಅಲ್ಲಿ ಒಳ್ಳೆಯವರನ್ನು ಹುಡುಕಿಕೋ.

ಹೋದ ಮಗು ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬರುತ್ತದೆ. ಹೋದಂತೆಯೇ ಬರುವುದಿಲ್ಲ. ಕೂದಲಿನ ಬಣ್ಣ ಬದಲಾಗಿರಬಹುದು, ದೇವರ ಬಗ್ಗೆ ಪ್ರಶ್ನೆಗಳಿರಬಹುದು, ಡಾಕ್ಟರಾಗುತ್ತೇನೆಂದು ಹೋದವಳು ಇತಿಹಾಸ ಓದುತ್ತೇನೆ ಎನ್ನಬಹುದು. ಆಗ ಮೊದಲು ಊಟ ಬಡಿಸೋಣ. ಬಿಸಿಬೇಳೆಬಾತಿನ ಎರಡನೆಯ ಸುತ್ತು ಮುಗಿಯುವ ತನಕ ನಮ್ಮ ಅಭಿಪ್ರಾಯ ಕಾಯಲಿ. ಪೂರ್ತಿ ಕೇಳಿಸಿಕೊಂಡ ಮೇಲೆ ನಮ್ಮ ಅನುಮಾನಗಳನ್ನು ಧಾರಾಳವಾಗಿ ಹೇಳಬಹುದು. ಕೇಳಿಸಿಕೊಂಡವರ ಮಾತಿಗೆ ಬೆಲೆ ಇರುತ್ತದೆ. ಮಗುವಿಗೆ ಹದಿನಾರಾದ ಮೇಲೆ ಸ್ನೇಹಿತನಂತೆ ಕಾಣಬೇಕೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ನಮಗೆ ಎರಡು ವರ್ಷ ಹೆಚ್ಚೇ ಸಿಕ್ಕಿದೆ.

ಇನ್ನು ನಮ್ಮ ವಿಷಯ. ಮನೆ ಬಿಕೋ ಎನ್ನುತ್ತದೆ. ಎರಡು ಲೋಟ ಅಕ್ಕಿ ಇಡುತ್ತಿದ್ದ ಕೈ ಒಂದಕ್ಕೆ ಇಳಿಯಲು ತಿಂಗಳುಗಳು ಬೇಕು. ಈ ನೋವು ಸಹಜ, ಅದಕ್ಕೆ ನಾಚಬೇಕಿಲ್ಲ. ಆದರೆ ಅದನ್ನು ಹೊರುವ ಕೆಲಸವನ್ನು ಮಗುವಿಗೆ ಕೊಡಬಾರದು. "ನೀನಿಲ್ಲದೆ ಅಮ್ಮ ಊಟವೇ ಮಾಡ್ತಿಲ್ಲ" ಎಂಬ ಮಾತು ಫೋನಿನಲ್ಲಿ ಬೇಡ. ಗಂಡ ಹೆಂಡತಿ ಮತ್ತೆ ಒಬ್ಬರಿಗೊಬ್ಬರು ಮಾತಿಗೆ ಸಿಗುವ ಕಾಲ ಇದು. ದೇವಸ್ಥಾನದ ಅಡಿಗೆಮನೆಯಲ್ಲಿ, ಕನ್ನಡ ಕಲಿಸುವ ತರಗತಿಗಳಲ್ಲಿ ಕೈಗಳು ಯಾವಾಗಲೂ ಬೇಕು. ದೂರದೂರಿಂದ ನಮ್ಮ ಊರಿನ ಕಾಲೇಜಿಗೆ ಬಂದು ಮನೆಯೂಟಕ್ಕೆ ಹಂಬಲಿಸುವ ಮಕ್ಕಳೂ ಇದ್ದಾರೆ. ಹಿಂದೆ ನಮ್ಮವರಿಗೆ ವಾರಾನ್ನ ಹಾಕಿದ ಮನೆಗಳು ಅವರ ಕುಲದ ಮಗುವೇ ಎಂದು ಕೇಳಿದ್ದೂ ಉಂಟು, ಕೇಳದೆ ಬಡಿಸಿದ್ದೂ ಉಂಟು. ನಾವು ಕೇಳದೆ ಬಡಿಸುವವರಾಗೋಣ. ತಿಂಗಳಿಗೊಂದು ಭಾನುವಾರ ಅಂಥ ಇಬ್ಬರು ಮಕ್ಕಳನ್ನು ಊಟಕ್ಕೆ ಕರೆಯಿರಿ. ನಿಮ್ಮ ಮಗುವಿಗೂ ಇನ್ನಾವುದೋ ಊರಿನಲ್ಲಿ ಯಾರೋ ತಾಯಿ ಒಂದು ಎಲೆ ಹಾಕಿಯಾರು.

ಈ ವರ್ಷ ಹೊರಟಿರುವ ನಮ್ಮೆಲ್ಲ ಮಕ್ಕಳಿಗೂ ವಿದ್ಯೆ, ಆರೋಗ್ಯ, ಒಳ್ಳೆಯವರ ಸ್ನೇಹ ದೊರಕಲಿ. ಕಷ್ಟ ಬಂದ ದಿನ ಅವರಿಗೆ ಮನೆಗೆ ಫೋನು ಮಾಡಬೇಕೆನ್ನಿಸಲಿ, ಅದನ್ನು ಎತ್ತಿ ಶಾಂತವಾಗಿ ಕೇಳುವ ಧೈರ್ಯವನ್ನು ಭಗವಂತ ನಮಗೆ ಕೊಡಲಿ. ಎಲ್ಲರಿಗೂ ಶುಭವಾಗಲಿ.